ಬೇಸಿಗೆಯಲ್ಲಿ ಪಿಕಪ್ ಟೈರಿನ ಗಾಳಿ ಇಳಿಸಬೇಕೇ? ನಿಮ್ಮ ಗಾಡಿಗೆ ಸರಿಯಾದ ಗಾಳಿ ಎಷ್ಟು?

ಬೇಸಿಗೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಮತ್ತೆ ಹರಿದಾಡಲು ಶುರುವಾಗುತ್ತದೆ: ಬಿಸಿಲಿಗೆ ಗಾಳಿ ಹಿಗ್ಗಿ ಟೈರ್ ಸಿಡಿಯುತ್ತದೆ, ಹಾಗಾಗಿ ಟೈರಿನ ಗಾಳಿಯನ್ನು ಐದಾರು ಪಿಎಸ್‌ಐ ಕಡಿಮೆ ಇಟ್ಟುಕೊಳ್ಳಿ, ಎಲ್ಲರಿಗೂ ಕಳುಹಿಸಿ. ಕೇಳಲು ಸರಿ ಎನಿಸುತ್ತದೆ. ಟೊಮೆಟೊ, ಮಾವು, ಸಿಮೆಂಟ್ ಹೇರಿಕೊಂಡು ದಿನವೂ ಹೆದ್ದಾರಿ ಹಿಡಿಯುವ ಪಿಕಪ್ ಚಾಲಕರಲ್ಲಿ ಇದನ್ನು ನಂಬಿ ಗಾಳಿ ಇಳಿಸುವವರೂ ಇದ್ದಾರೆ.

ಮೊದಲೇ ಹೇಳಿಬಿಡುತ್ತೇವೆ: ಈ ಸಲಹೆ ತಪ್ಪು. ಲೋಡ್ ಇರುವ ಗಾಡಿಗೆ ಇದು ಅಪಾಯಕಾರಿ ಕೂಡ. ಬಿಸಿಲಿನಲ್ಲಿ ಟೈರ್ ಸಿಡಿಯುವುದಕ್ಕೆ ಸಾಮಾನ್ಯ ಕಾರಣ ಗಾಳಿ ಹೆಚ್ಚಾಗಿರುವುದಲ್ಲ, ಕಡಿಮೆಯಾಗಿರುವುದು.

ಸಂದೇಶದಲ್ಲಿ ನಿಜ ಎಷ್ಟು?

ಬಿಸಿಯಾದರೆ ಟೈರಿನೊಳಗಿನ ಒತ್ತಡ ಏರುತ್ತದೆ ಎಂಬುದು ನಿಜ. ಆದರೆ ಎಷ್ಟು ಏರುತ್ತದೆ? ಬೆಳಗ್ಗೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ 50 ಪಿಎಸ್‌ಐ ಗಾಳಿ ತುಂಬಿಸಿದ್ದೀರಿ ಎಂದುಕೊಳ್ಳಿ. ಮಧ್ಯಾಹ್ನ ಟೈರಿನೊಳಗಿನ ಗಾಳಿ 40 ಡಿಗ್ರಿ ಮುಟ್ಟಿದರೆ ಒತ್ತಡ ಏರುವುದು ಸುಮಾರು 3 ಪಿಎಸ್‌ಐ ಮಾತ್ರ. ಓಡುವಾಗ ಟೈರ್ ಇನ್ನಷ್ಟು ಬಿಸಿಯಾಗುತ್ತದೆ, ಆಗ ಇನ್ನೂ ನಾಲ್ಕೈದು ಪಿಎಸ್‌ಐ ಏರಬಹುದು. ಟೈರ್ ತಯಾರಿಸುವವರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಓಡುವಾಗ ಒತ್ತಡ ಏರುತ್ತದೆ ಎಂಬ ಲೆಕ್ಕ ಇಟ್ಟುಕೊಂಡೇ ಟೈರನ್ನು ಮಾಡಿರುತ್ತಾರೆ. ಒಳ್ಳೆಯ ಸ್ಥಿತಿಯಲ್ಲಿರುವ ಟೈರ್ ಇಷ್ಟಕ್ಕೆ ಸಿಡಿಯುವುದಿಲ್ಲ.

ಹಾಗಾದರೆ ಸಿಡಿಯುವುದೇಕೆ?

ಗಾಡಿಯ ಭಾರವನ್ನು ಹೊರುವುದು ರಬ್ಬರಿಗಿಂತ ಹೆಚ್ಚಾಗಿ ಒಳಗಿನ ಗಾಳಿ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಜಾಸ್ತಿ ಮಡಚಿ ಬಿಚ್ಚಿಕೊಳ್ಳುತ್ತದೆ. ಒಂದು ತಂತಿಯನ್ನು ಕೈಯಲ್ಲಿ ಹತ್ತಾರು ಸಲ ಬಗ್ಗಿಸಿ ನೋಡಿ, ಬಗ್ಗಿಸಿದ ಜಾಗ ಬಿಸಿಯಾಗುತ್ತದೆ. ಟೈರಿನಲ್ಲೂ ಹೀಗೆಯೇ, ಆದರೆ ಅಲ್ಲಿ ನಿಮಿಷಕ್ಕೆ ನೂರಾರು ಸಲ. ಆ ಬಿಸಿಗೆ ರಬ್ಬರು ಮತ್ತು ಒಳಗಿನ ತಂತಿ ಪದರಗಳ ಹಿಡಿತ ಸಡಿಲವಾಗುತ್ತದೆ. ಮೇಲೆ ಭಾರ, ಕೆಳಗೆ ಕಾದ ಟಾರು, ಜೊತೆಗೆ ವೇಗ. ಕೊನೆಗೆ ಒಂದು ಕಡೆ ಪದರ ಕಿತ್ತು ಬರುತ್ತದೆ ಅಥವಾ ಗೋಡೆ ಹರಿಯುತ್ತದೆ. ನೋಡಿದವರು "ಗಾಳಿ ಜಾಸ್ತಿಯಾಗಿ ಸಿಡಿಯಿತು" ಎನ್ನುತ್ತಾರೆ.

ಅಂದರೆ ಸಿಡಿಯದಿರಲಿ ಎಂದು ಗಾಳಿ ಇಳಿಸಿದವರು, ಸಿಡಿಯಲು ಬೇಕಾದ ಬಿಸಿಯನ್ನು ತಾವೇ ಹುಟ್ಟಿಸುತ್ತಿದ್ದಾರೆ.

ಅಮೆರಿಕದಲ್ಲಿ ನಡೆದದ್ದು

ಇದು ಬರೀ ಪುಸ್ತಕದ ಲೆಕ್ಕವಲ್ಲ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಅಮೆರಿಕದಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಂಡಿತು. ಅವುಗಳಲ್ಲಿ ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದವು. ಎಕ್ಸ್‌ಪ್ಲೋರರ್ ರೂಪುಗೊಂಡದ್ದು ಅದೇ ಕಂಪನಿಯ ರೇಂಜರ್ ಪಿಕಪ್‌ನ ಆಧಾರದ ಮೇಲೆ. ಓಡುತ್ತಿರುವಾಗಲೇ ಟೈರಿನ ಮೇಲ್ಪದರ ಕಿತ್ತು ಬಂದು ಗಾಡಿಗಳು ಪಲ್ಟಿಯಾಗಿ 250ಕ್ಕೂ ಹೆಚ್ಚು ಜನ ಸತ್ತರು. ಬಿಸಿಲು ಹೆಚ್ಚಿರುವ ದಕ್ಷಿಣದ ರಾಜ್ಯಗಳಲ್ಲಿ ಇಂಥ ಅಪಘಾತಗಳು ಜಾಸ್ತಿ.

ಟೈರಿನದೇ ದೋಷ ಎಂದು ಒಂದು ಕಂಪನಿ, ಗಾಡಿಯ ವಿನ್ಯಾಸವೇ ದೋಷ ಎಂದು ಇನ್ನೊಂದು ಕಂಪನಿ ವಾದಿಸಿದವು. ಆ ವಾದದ ನಡುವೆ ಎದ್ದು ಕಂಡ ಒಂದು ಸಂಖ್ಯೆ 26. ಫೋರ್ಡ್ ಆ ಗಾಡಿಗೆ ಹೇಳಿದ್ದ ಗಾಳಿ 26 ಪಿಎಸ್‌ಐ. ಮೊದಲೇ ಅಷ್ಟು ಕಡಿಮೆ ಇದ್ದಾಗ, ದಿನ ಕಳೆದಂತೆ ಇನ್ನೂ ಎರಡು ಮೂರು ಪಿಎಸ್‌ಐ ಇಳಿದರೆ ಸುರಕ್ಷತೆಗೆ ಅಂತರವೇ ಉಳಿಯದು. ಟೈರ್ ಕಂಪನಿ ಆಮೇಲೆ ಅದನ್ನು 30ಕ್ಕೆ ಏರಿಸಲು ಹೇಳಿತು. ಅದೇ ವರ್ಷ ಬಂದ ಕಾನೂನಿನ ಫಲವಾಗಿ, 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಎಲ್ಲ ಹೊಸ ಕಾರು ಮತ್ತು ಪಿಕಪ್‌ಗಳಲ್ಲಿ ಗಾಳಿ ಕಡಿಮೆಯಾದರೆ ಎಚ್ಚರಿಸುವ ದೀಪ ಕಡ್ಡಾಯವಾಯಿತು. ಅಲ್ಲಿ ಕಡ್ಡಾಯವಾದದ್ದು ಗಾಳಿ ಜಾಸ್ತಿಯಾದರೆ ಉರಿಯುವ ದೀಪವಲ್ಲ ಎಂಬುದನ್ನು ಗಮನಿಸಿ.

ನಿಮ್ಮ ಪಿಕಪ್‌ಗೆ ಎಷ್ಟು?

ಪಂಕ್ಚರ್ ಅಂಗಡಿಯವರ ಅಂದಾಜಿಗೆ ಬಿಡಬೇಡಿ. ಪಕ್ಕದ ಗಾಡಿಯವರ ಸಂಖ್ಯೆಯನ್ನೂ ಹಾಕಿಸಬೇಡಿ. ಚಾಲಕನ ಬಾಗಿಲು ತೆರೆದರೆ ಬಾಗಿಲಿನ ಅಂಚಿನಲ್ಲೋ ಕಂಬದ ಮೇಲೋ ಸಾಮಾನ್ಯವಾಗಿ ಒಂದು ಸ್ಟಿಕ್ಕರ್ ಇರುತ್ತದೆ. ಅಲ್ಲಿ ಇಲ್ಲದಿದ್ದರೆ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡಿ. ಮುಂದಿನ ಟೈರಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು, ಖಾಲಿ ಇದ್ದಾಗ ಎಷ್ಟು, ಲೋಡ್ ಇದ್ದಾಗ ಎಷ್ಟು ಎಂಬ ವಿವರ ಅಲ್ಲಿ ಸಿಗುತ್ತದೆ. ಸರಕಿನ ಭಾರವೆಲ್ಲ ಹೆಚ್ಚಾಗಿ ಹಿಂದಿನ ಚಕ್ರಗಳ ಮೇಲೆ ಬೀಳುವುದರಿಂದ, ಲೋಡ್ ಇದ್ದಾಗ ಹಿಂದಿನ ಸಂಖ್ಯೆ ಮುಂದಿನದಕ್ಕಿಂತ ಸಾಕಷ್ಟು ಹೆಚ್ಚಿರುವುದು ಸಹಜ. ನಾಲ್ಕೂ ಟೈರಿಗೆ ಒಂದೇ ಲೆಕ್ಕ ಎಂಬುದು ಪಿಕಪ್‌ಗೆ ಹೊಂದುವುದಿಲ್ಲ.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆಯನ್ನೇ ನೋಡಿ ಗಾಳಿ ಹಾಕಿಸುವವರೂ ಇದ್ದಾರೆ. ಅದು ಟೈರಿನ ಮಿತಿ, ನಿಮ್ಮ ಗಾಡಿಗೆ ಕೊಟ್ಟ ಸಲಹೆಯಲ್ಲ. ಅದೇ ಟೈರ್ ಬೇರೆ ಬೇರೆ ಗಾಡಿಗಳಿಗೆ ಬರುತ್ತದೆ. ಖಾಲಿ ಗಾಡಿಗೆ ಅಷ್ಟು ಗಾಳಿ ಹಾಕಿದರೆ ಹಿಂಭಾಗ ಕುಪ್ಪಳಿಸುತ್ತದೆ, ಮಳೆಯಲ್ಲಿ ಹಿಡಿತ ತಪ್ಪುತ್ತದೆ, ಟೈರ್ ನಡುವೆ ಬೇಗ ಸವೆಯುತ್ತದೆ. ಕಡಿಮೆ ಗಾಳಿಯ ಟೈರ್ ಎರಡೂ ಅಂಚಿನಲ್ಲಿ ಸವೆಯುತ್ತದೆ. ನಿಮ್ಮ ಹಳೇ ಟೈರನ್ನು ಒಮ್ಮೆ ನೋಡಿದರೆ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಗೊತ್ತಾಗುತ್ತದೆ.

ಗಾಳಿ ಜಾಸ್ತಿ ಹಾಕಿದರೆ ಓವರ್‌ಲೋಡ್ ಮಾಡಬಹುದು ಎಂಬ ನಂಬಿಕೆಯೂ ತಪ್ಪು. ಟೈರಿನ ಮೇಲೆ ಅಳತೆಯ ಮುಂದೆ ಲೋಡ್ ಇಂಡೆಕ್ಸ್ ಇರುತ್ತದೆ. 100 ಎಂದಿದ್ದರೆ ಆ ಒಂದು ಟೈರ್ ಹೆಚ್ಚೆಂದರೆ 800 ಕೆಜಿ ಹೊರಬಲ್ಲದು, 106 ಎಂದಿದ್ದರೆ 950 ಕೆಜಿ. ಎಷ್ಟೇ ಗಾಳಿ ತುಂಬಿದರೂ ಈ ಮಿತಿ ಏರುವುದಿಲ್ಲ. ಟೈರಿನ ಅಳತೆಯನ್ನೇ ಬದಲಿಸಿದ್ದರೆ ಸ್ಟಿಕ್ಕರಿನ ಸಂಖ್ಯೆ ಹೊಂದದು. ಆಗ ಆ ಟೈರಿಗೆ ಎಷ್ಟು ಭಾರಕ್ಕೆ ಎಷ್ಟು ಗಾಳಿ ಎಂಬ ಪಟ್ಟಿಯನ್ನು ಡೀಲರ್ ಬಳಿ ಕೇಳಿ ಪಡೆಯಿರಿ.

ಯಾವಾಗ ನೋಡಬೇಕು?

ಸ್ಟಿಕ್ಕರಿನಲ್ಲಿ ಬರೆದಿರುವುದು ತಣ್ಣಗಿರುವ ಟೈರಿನ ಲೆಕ್ಕ. ಗಾಡಿ ಕನಿಷ್ಠ 3 ಗಂಟೆ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಬೆಳಗ್ಗೆ ಲೋಡ್ ಹಾಕುವ ಮುಂಚೆ ನೋಡುವುದು ಒಳ್ಳೆಯದು.

ಬಿಸಿ ಟೈರಿನ ಗಾಳಿ ಇಳಿಸಿದರೆ ಏನಾಗುತ್ತದೆ? ಕಲಬುರಗಿಯಲ್ಲಿ ಬೆಳಗ್ಗೆ 28 ಡಿಗ್ರಿ ಇದ್ದಾಗ 50 ಪಿಎಸ್‌ಐ ತುಂಬಿಸಿದ್ದೀರಿ. ಮಧ್ಯಾಹ್ನ ಹೆದ್ದಾರಿಯಲ್ಲಿ ಟೈರಿನೊಳಗೆ 60 ಡಿಗ್ರಿಯಾಗಿ ಮೀಟರ್ 57 ತೋರಿಸುತ್ತದೆ. ಹೆದರಿ 50ಕ್ಕೆ ಇಳಿಸುತ್ತೀರಿ. ಮರುದಿನ ಬೆಳಗ್ಗೆ ಟೈರ್ ತಣ್ಣಗಾದಾಗ ಉಳಿದಿರುವುದು ಸುಮಾರು 44 ಮಾತ್ರ. ಅದರ ಮೇಲೆಯೇ ಮತ್ತೆ ಲೋಡ್ ಹೇರುತ್ತೀರಿ. ಬಿಸಿ ಟೈರಿನಲ್ಲೂ ಸ್ಟಿಕ್ಕರಿನ ಸಂಖ್ಯೆಗಿಂತ ಕಡಿಮೆ ತೋರಿಸಿದರೆ, ಗಾಳಿ ನಿಜಕ್ಕೂ ತುಂಬಾ ಇಳಿದಿದೆ ಎಂದರ್ಥ. ತಕ್ಷಣ ಆ ಸಂಖ್ಯೆಯವರೆಗೆ ತುಂಬಿಸಿ, ಪಂಕ್ಚರ್ ಇದೆಯೇ ನೋಡಿಸಿ, ಮರುದಿನ ತಣ್ಣಗಿದ್ದಾಗ ಮತ್ತೆ ಅಳೆಯಿರಿ.

ಇನ್ನೆರಡು ನಂಬಿಕೆಗಳು

"ನೈಟ್ರೋಜನ್ ಹಾಕಿಸಿದರೆ ಸಿಡಿಯುವುದಿಲ್ಲ." ನಾವು ಉಸಿರಾಡುವ ಗಾಳಿಯಲ್ಲೇ 78% ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಸೋರುತ್ತದೆ, ಅದರಲ್ಲಿ ತೇವ ಇರುವುದಿಲ್ಲ. ಲಾಭ ಇಷ್ಟೇ. ಬಿಸಿಗೆ ಅದೂ ಮಾಮೂಲಿ ಗಾಳಿಯಂತೆಯೇ ಹಿಗ್ಗುತ್ತದೆ. ಗಾಳಿ ನೋಡುವ ಕೆಲಸ ತಪ್ಪುವುದಿಲ್ಲ.

"ಒದ್ದು ನೋಡಿದರೆ ಗೊತ್ತಾಗುತ್ತದೆ." ಗೊತ್ತಾಗುವುದಿಲ್ಲ. ರೇಡಿಯಲ್ ಟೈರ್ ಸರಿಯಾದ ಗಾಳಿ ಇದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿಕೊಂಡೇ ಕಾಣುತ್ತದೆ. 50ಕ್ಕೂ 42ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ, ಕಾಲಿಗೆ ಸಿಗದು. ಒಂದು ಮೀಟರ್ ಇಟ್ಟುಕೊಳ್ಳಿ, ತಿಂಗಳಿಗೊಮ್ಮೆ ಮತ್ತು ದೂರದ ಬಾಡಿಗೆಗೆ ಹೊರಡುವ ಮುಂಚೆ ಸ್ಟೆಪ್ನಿಯನ್ನೂ ಸೇರಿಸಿ ನೋಡಿ.

ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳುಹಿಸಬೇಡಿ. ಅದರ ಬದಲು ಇದನ್ನು ಕಳುಹಿಸಿ: ಬೇಸಿಗೆಗೆಂದು ಗಾಳಿ ಇಳಿಸಬೇಡಿ. ಸ್ಟಿಕ್ಕರ್ ನೋಡಿ, ಲೋಡಿಗೆ ತಕ್ಕಷ್ಟು, ಟೈರ್ ತಣ್ಣಗಿದ್ದಾಗ ತುಂಬಿಸಿ. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ.