ಹಗೇವು, ಕಡ ಮತ್ತು ಕಿರಾಣಿ ಅಂಗಡಿ: ಸಾಂಕ್ರಾಮಿಕದ ಕಾಲದಲ್ಲಿ ಮನೆಯ ದಾಸ್ತಾನು

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸಾವಿನ ಸಂಖ್ಯೆ, ಸರ್ಕಾರದ ಆಜ್ಞೆ ಹಾಗೂ ಆಸ್ಪತ್ರೆಗಳ ಮೂಲಕ ಬರೆಯುತ್ತ ಬಂದಿದ್ದೇವೆ. ಆದರೆ ರೋಗ ಸಮೀಪಿಸಿತೆಂಬ ಸುದ್ದಿ ಬಂದೊಡನೆ ಗೃಹಿಣಿಯ ದೃಷ್ಟಿ ಹರಿಯುವುದು ಅಡುಗೆಮನೆಯ ಡಬ್ಬಿಗಳ ಕಡೆಗೆ. ಹಿಟ್ಟು ಎಷ್ಟು ದಿನಕ್ಕೆ ಬರುತ್ತದೆ, ಉಪ್ಪು ಎಷ್ಟಿದೆ ಎಂಬ ಲೆಕ್ಕವೂ ಸಾಂಕ್ರಾಮಿಕದ ಚರಿತ್ರೆಯ ಒಂದು ಭಾಗವೇ ಆಗಿದೆ. 2020ರ ಮಾರ್ಚ್ ತಿಂಗಳಲ್ಲಿ ಕಿರಾಣಿ ಅಂಗಡಿಗಳ ಮುಂದೆ ಕಂಡ ನೂಕುನುಗ್ಗಲನ್ನು ಜನರ ದುರಾಸೆಯೆಂದು ಒಂದೇ ಮಾತಿನಲ್ಲಿ ತೀರ್ಮಾನಿಸಿದವರುಂಟು. ಕೂಡಿಡುವುದನ್ನೇ ವಿವೇಕವೆಂದು ತಿಳಿದ ಜನಪದರ ನಾಡಿನಲ್ಲಿ ಅದೇ ಕ್ರಿಯೆ ದುರಾಸೆಯೆನಿಸಿಕೊಂಡುದು ಹೇಗೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಳೆಯ ಮೈಸೂರು ಸೀಮೆಯ ರಾಗಿಯ ಹಗೇವು, ಉತ್ತರ ಕರ್ನಾಟಕದ ಜೋಳದ ಹಗೇವು ನಮ್ಮ ದಾಸ್ತಾನು ಪದ್ಧತಿಯ ಪ್ರಮುಖ ಕುರುಹುಗಳು. ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿ, ಅಗಲವಾದ ಒಡಲು ಬರುವಂತೆ ತೋಡಿ, ಒಳಗೆ ಹುಲ್ಲು ಹಾಸಿ, ಧಾನ್ಯ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ, ನೀರು ಸೋಕದ ರಾಗಿ ಹಲವು ವರ್ಷ ಕೆಡದೆ ಉಳಿಯುತ್ತಿತ್ತು. ಮನೆಯೊಳಗೆ ಕಣಜ, ವಾಡೆ, ಗುಡಾಣಗಳಿದ್ದವು. ಒಟ್ಟಿನಲ್ಲಿ ಬರಗಾಲದ ನೆನಪೇ ಈ ವ್ಯವಸ್ಥೆಯನ್ನು ರೂಪಿಸಿತ್ತು.

ಇಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಒಂದು, ಕೂಡಿಡುವ ಕಾಲ. ಧಾನ್ಯ ಹಗೇವಿಗೆ ಇಳಿಯುತ್ತಿದ್ದುದು ಸುಗ್ಗಿಯಲ್ಲಿ, ಅಂದರೆ ಊರಿನಲ್ಲಿ ಸಮೃದ್ಧಿಯಿರುವಾಗ. ಎರಡು, ಕೂಡಿಡುವ ಮುನ್ನ ಹಂಚುವ ಕ್ರಮ. ಕಣದಲ್ಲಿ ರಾಶಿಪೂಜೆಯಾದ ಮೇಲೆ ಆಯಗಾರರ ಆಯ, ಭಿಕ್ಷುಕರ ಪಾಲು ಅಲ್ಲಿಯೇ ಸಲ್ಲುತ್ತಿತ್ತು. ಉಳಿದದ್ದು ಮನೆ ಸೇರುತ್ತಿತ್ತು. ಮನೆ ಸೇರಿದ ಮೇಲೂ ಅದು ನಾಲ್ಕು ಗೋಡೆಗಳೊಳಗೆ ನಿಲ್ಲುತ್ತಿರಲಿಲ್ಲ. ಒಂದು ಸೇರು ಹಿಟ್ಟು, ಒಂದು ಪಾವು ಎಣ್ಣೆಯನ್ನು ನೆರೆಮನೆಯಿಂದ ‘ಕಡ’ ತಂದು, ಅದೇ ಪದಾರ್ಥವನ್ನು ಅದೇ ಅಳತೆಯಲ್ಲಿ ಹಿಂತಿರುಗಿಸುವ ರೂಢಿಯನ್ನು ಹೆಚ್ಚಾಗಿ ಹೆಂಗಸರೇ ನಡೆಸಿಕೊಂಡು ಬಂದರು. ಬಡ್ಡಿಯಿಲ್ಲದ, ಪತ್ರವಿಲ್ಲದ ಈ ಸಾಲಕ್ಕೆ ಮಾತೇ ಆಧಾರ. ಅಕ್ಕಿ ತೀರಿದರೂ ‘ಇಲ್ಲ’ವೆನ್ನದೆ ‘ಹೆಚ್ಚಿದೆ’ಯೆನ್ನುವ ಮನೆಮಾತಿನ ಹಿಂದೆಯೂ ನಾಳೆ ತುಂಬೀತೆಂಬ ಭರವಸೆಯಿದೆ.

ಹಾಗೆಂದು ಈ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡಲಾಗದು. ಹಗೇವು ಇದ್ದುದು ಹೊಲವಿದ್ದವನಿಗೆ. ಭೂಮಿಯಿಲ್ಲದ ಕೂಲಿಯವನು, ಅಸ್ಪೃಶ್ಯನೆಂದು ಊರ ಹೊರಗಿರಿಸಲ್ಪಟ್ಟವನು ಕಣದ ಅಂಚಿನಲ್ಲಿ ನಿಂತು ತನ್ನ ಪಾಲಿಗಾಗಿ ಕಾಯಬೇಕಾಗಿತ್ತು. ಕಡದ ಕೊಡುಕೊಳೆಯೂ ಜಾತಿಯ ಗೆರೆಯನ್ನು ಸುಲಭವಾಗಿ ದಾಟುತ್ತಿರಲಿಲ್ಲ.

ಈ ದಾಸ್ತಾನು ಪದ್ಧತಿಗೆ ಪ್ಲೇಗ್ ಬಲವಾದ ಪೆಟ್ಟು ಕೊಟ್ಟಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ 1898ರಲ್ಲಿ ಹುಬ್ಬಳ್ಳಿಯನ್ನು ಕಾಡಿ, ಆ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದಿತು. ಇಲಿ ಬಿತ್ತೆಂದರೆ ಊರು ಬಿಡಬೇಕು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರಬೇಕು. ಕೂಡಿಟ್ಟ ಧಾನ್ಯ ಊರೊಳಗೇ ಉಳಿಯಿತು. ತಲೆಯ ಮೇಲೆ ಹೊತ್ತಷ್ಟೇ ಜೊತೆಗೆ ಬಂದಿತು. ಅದಕ್ಕಿಂತ ಮಿಗಿಲಾಗಿ, ಕಾಳಿರುವಲ್ಲಿಗೆ ಇಲಿ ಬರುತ್ತದೆ, ಇಲಿಯ ಮೈಮೇಲಿನ ಚಿಗಟ ರೋಗ ತರುತ್ತದೆ. ಮನೆಯ ಸಂಪತ್ತೆನಿಸಿದ್ದ ಕಣಜವೇ ಅಪಾಯದ ನೆಲೆಯೂ ಆಯಿತು. ಪ್ಲೇಗಮ್ಮನ ಗುಡಿಗಳು ಹುಟ್ಟಿದ್ದು ಇಂತಹ ಅಸಹಾಯಕತೆಯ ನಡುವೆ.

1918ರ ಇನ್‌ಫ್ಲುಯೆಂಜಾದ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ಧಾನ್ಯ ರೈಲಿನ ಮೂಲಕ ದೂರದ ಪೇಟೆಗೆ ಹೋಗುವ ಸರಕಾಗಿತ್ತು. ಮೊದಲನೆಯ ಮಹಾಯುದ್ಧದಿಂದ ಬೆಲೆಗಳೇರಿದ್ದವು. ಆ ವರ್ಷದ ಮುಂಗಾರೂ ಕೈಕೊಟ್ಟಿತು. ಭಾರತದಲ್ಲಿ 1 ಕೋಟಿಗೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡ ಈ ಜ್ವರ ಹಸಿದ ದೇಹಗಳ ಮೇಲೆರಗಿತು. ಅದೇ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಪ್ರಾಂತ್ಯದ ಹಲವೆಡೆ ಅಕ್ಕಿ, ಬಟ್ಟೆಯ ಅಂಗಡಿಗಳ ಲೂಟಿ ನಡೆಯಿತು. ಬಳ್ಳಾರಿ, ದಕ್ಷಿಣ ಕನ್ನಡಗಳು ಆಗ ಆ ಪ್ರಾಂತ್ಯಕ್ಕೆ ಸೇರಿದ್ದವೆಂಬುದನ್ನು ನೆನೆಯಬಹುದು. ಲೂಟಿಗೆ ಮುನ್ನ ಜನ ಎಷ್ಟೋ ಕಡೆ ವರ್ತಕನನ್ನು ಕೇಳಿದ್ದು ಹಳೆಯ ಬೆಲೆಗೆ ಮಾರೆಂದು. ಕೂಡಿಟ್ಟದ್ದರಲ್ಲಿ ಊರಿಗೂ ಹಕ್ಕಿದೆಯೆಂಬ ಕಣದ ನ್ಯಾಯವನ್ನೇ ಅವರು ಅಂಗಡಿಯ ಮುಂದೆ ಮಂಡಿಸಿದ್ದರೆಂದು ತೋರುತ್ತದೆ.

ನೂರೆರಡು ವರ್ಷಗಳ ನಂತರದ ಕೋವಿಡ್ ಕಾಲಕ್ಕೆ ಬಂದರೆ, ನಗರದ ಮನೆಗಳಲ್ಲಿ ಕಣಜವಿಲ್ಲ, ಅಂಗಡಿಯೇ ಕಣಜ. ದೇಶದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಸಾವೆಂದು ದಾಖಲಾದುದು 2020ರ ಮಾರ್ಚ್‌ನಲ್ಲಿ, ಕಲಬುರಗಿಯ ವೃದ್ಧರೊಬ್ಬರದು. ಪ್ಲೇಗಿನ ಕಾಲದಲ್ಲಿ ರೂಪುಗೊಂಡ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯೇ ಮತ್ತೆ ಬಳಕೆಗೆ ಬಂದಿತು. ಮುಖಗವಸು, ಸ್ಯಾನಿಟೈಸರ್‌ಗಳು ಅಂಗಡಿಗಳಿಂದ ಮಾಯವಾದಾಗ ಕೇಂದ್ರ ಸರ್ಕಾರ ಮಾರ್ಚ್ 13ರಂದು ಅವುಗಳನ್ನು ಅಗತ್ಯ ವಸ್ತುಗಳೆಂದು ಸಾರಿ, ಅನಂತರ 200 ಮಿಲಿಲೀಟರ್ ಸ್ಯಾನಿಟೈಸರ್‌ಗೆ 100 ರೂಪಾಯಿಯ ಮಿತಿ ವಿಧಿಸಿತು. ಮಾರ್ಚ್ 24ರ ರಾತ್ರಿ 8 ಗಂಟೆಗೆ 21 ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ಜಾರಿಗೆ ಉಳಿದಿದ್ದುದು ನಾಲ್ಕೇ ಗಂಟೆ. ದಿನಸಿ, ಹಾಲು, ತರಕಾರಿಗೆ ತಡೆಯಿಲ್ಲವೆಂಬ ವಿವರಣೆ ಜನರಿಗೆ ತಲುಪುವ ಮೊದಲೇ ಅಂಗಡಿಗಳ ಮುಂದೆ ಸಾಲುಗಳು ಬೆಳೆದಿದ್ದವು.

ಆಗ ದೇಶದಲ್ಲಿ ಧಾನ್ಯದ ಕೊರತೆಯಿರಲಿಲ್ಲ. ಸರ್ಕಾರಿ ಉಗ್ರಾಣಗಳಲ್ಲಿ 5 ಕೋಟಿ ಟನ್ನಿಗೂ ಹೆಚ್ಚು ಅಕ್ಕಿ, ಗೋಧಿ ಇತ್ತು. ಲಾರಿಗಳು ಗಡಿಗಳಲ್ಲಿ ನಿಂತವು. ಮಂಡಿಯ ಹಮಾಲರು ಊರಿಗೆ ಹೋದರು. ಅತ್ತ ಚಿಕ್ಕಬಳ್ಳಾಪುರದ ದ್ರಾಕ್ಷಿ ಬಳ್ಳಿಯಲ್ಲೇ ಕೊಳೆಯಿತು, ಇತ್ತ ನಗರದಲ್ಲಿ ಬೆಲೆ ಏರಿತು. ಎಲ್ಲ ಬಗೆಯ ಸರಕುಗಳ ಸಾಗಣೆಗೆ ಅವಕಾಶವಿದೆಯೆಂಬ ಸ್ಪಷ್ಟನೆ ಬಂದುದು ಮಾರ್ಚ್ 29ರಂದು. ಹೀಗೆ ಕೊರತೆಯ ಮೂಲ ಉತ್ಪಾದನೆಯಲ್ಲಿರಲಿಲ್ಲ, ಸಾಗಣೆಯಲ್ಲಿಯೂ ಭಯದಲ್ಲಿಯೂ ಇತ್ತು.

ಆ ಭಯಕ್ಕೆ ಎಲ್ಲರೂ ಸಮಾನವಾಗಿ ಬೆಲೆ ತೆರಲಿಲ್ಲ. ತಿಂಗಳ ಸಾಮಾನನ್ನು ಒಮ್ಮೆಗೇ ತರುವವರು ಮೂರು ತಿಂಗಳದನ್ನು ತಂದರು. ಅಂದಿನ ಕೂಲಿಯಲ್ಲಿ ಅಂದಿನ ಅಕ್ಕಿ, ಅಂದಿನ ಎಣ್ಣೆ ಕೊಳ್ಳುವವರು ಬರುವಷ್ಟರಲ್ಲಿ ಅಂಗಡಿ ಬರಿದಾಗಿತ್ತು, ಕೂಲಿಯೂ ನಿಂತಿತ್ತು. ಪಡಿತರ ಚೀಟಿದಾರರಿಗೆ ತಲಾ 5 ಕಿಲೋ ಉಚಿತ ಧಾನ್ಯದ ಯೋಜನೆ ಬಂದಾಗಲೂ, ಊರಿನಲ್ಲಿ ಚೀಟಿಯಿಟ್ಟು ಪಟ್ಟಣಕ್ಕೆ ದುಡಿಯಲು ಬಂದ ಎಷ್ಟೋ ಜನರಿಗೆ ಅದು ದಕ್ಕಲಿಲ್ಲ. ಚೀಟಿಯಿಲ್ಲದ ವಲಸಿಗರಿಗೆ ಧಾನ್ಯ ಕೊಡುವ ತೀರ್ಮಾನ ಪ್ರಕಟವಾದುದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಅನೇಕರು ನಡೆದೇ ಊರಿನ ದಾರಿ ಹಿಡಿದಿದ್ದರು. ಮುಟ್ಟುವುದಕ್ಕೇ ಅಂಜುತ್ತಿದ್ದ ಆ ದಿನಗಳಲ್ಲಿ ನೆರೆಮನೆಯ ಬಾಗಿಲು ತಟ್ಟಿ ಕಡ ಕೇಳುವ ದಾರಿಯೂ ಕಿರಿದಾಗಿತ್ತು.

ಈ ಮೂರು ಸಂದರ್ಭಗಳನ್ನು ಒಟ್ಟಿಗೆ ನೋಡಿದಾಗ ಸ್ಪಷ್ಟವಾಗುವುದಿಷ್ಟು: ಸುಗ್ಗಿಯಲ್ಲಿ ಹಂಚಿದ ಮೇಲೆ ಕೂಡಿಡುವುದು ಊರಿನ ಬಲವನ್ನು ಹೆಚ್ಚಿಸುತ್ತದೆ; ಕೊರತೆಯ ಗಳಿಗೆಯಲ್ಲಿ ಎಲ್ಲರಿಗೂ ಸೇರಿದ ಸಣ್ಣ ರಾಶಿಯಿಂದ ಬಾಚಿಕೊಳ್ಳುವುದು ಅದನ್ನು ಕುಗ್ಗಿಸುತ್ತದೆ. ಕ್ರಿಯೆ ಒಂದೇ, ಅದರ ಕಾಲ ಮತ್ತು ಕ್ರಮ ಬೇರೆ. ನಾಳೆ ತನಗೂ ಸಿಕ್ಕುತ್ತದೆಂಬ ನಂಬಿಕೆಯಿದ್ದವನು ಇಂದು ಬಾಚಿಕೊಳ್ಳುವುದಿಲ್ಲ. ಹಿಂದೆ ಆ ನಂಬಿಕೆಯನ್ನು ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗೆ ಕಣ, ಹಗೇವು, ಕಡಗಳು ಕೊಟ್ಟಿದ್ದವು. ಇಂದು ಅದನ್ನು ಜಾತಿಯ ಗೆರೆಯಿಲ್ಲದೆ ಎಲ್ಲರಿಗೂ ಕೊಡಬಲ್ಲ ಹಗೇವೆಂದರೆ ಪಡಿತರ ವ್ಯವಸ್ಥೆಯೇ ಸರಿ. ಅದರ ಬಾಯಿ ಕೊರತೆಯ ಮೊದಲ ದಿನವೇ, ಚೀಟಿ ಯಾವ ಊರಿನದೆಂದು ಕೇಳದೆ ತೆರೆಯಬೇಕು. ಹಾಗಾದಾಗ ಅಂಗಡಿಯ ಮುಂದಿನ ಸಾಲು ತಾನಾಗಿಯೇ ಕರಗುತ್ತದೆ.