ಅಜ್ಜಯ್ಯನ ಬೇರು

ನಾನು ಐದನೆಯ ಕ್ಲಾಸಿನಲ್ಲಿದ್ದಾಗ ನೆಮ್ಮಾರಿನ ನಮ್ಮ ಮನೆಯ ನಾಯಿ ಕರಿಯನಿಗೆ ಹುಚ್ಚುನಾಯಿ ಕಡಿಯಿತು. ಅಜ್ಜಯ್ಯ ಬಯಲುಸೀಮೆಯಿಂದ ತರಿಸಿಟ್ಟಿದ್ದ ಅಂಕೋಲೆ ಬೇರಿನ ತೊಗಟೆಯನ್ನು ತೇಯ್ದು, ಹಾಲಿನಲ್ಲಿ ಕಲಸಿ ಮೂರು ದಿನ ಕುಡಿಸಿದರು. ಕರಿಯ ಬದುಕಿತು. ಬೇರಿನ ಮಹಿಮೆ ಊರೆಲ್ಲ ಹಬ್ಬಿತು. ಎರಡು ವರ್ಷದ ಮೇಲೆ ಅದೇ ಬೇರು ಕುಡಿದ ಪಕ್ಕದ ಮನೆಯ ನಾಯಿ ಜೊಲ್ಲು ಸುರಿಸುತ್ತ ಸತ್ತಿತು. "ಪಥ್ಯ ತಪ್ಪಿರಬೇಕು" ಎಂದರು ಅಜ್ಜಯ್ಯ. ನಾಯಿಗೆ ಎಂಥ ಪಥ್ಯ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಅಜ್ಜಯ್ಯನನ್ನು ಹಗುರ ಮಾಡಲು ಇದನ್ನು ಬರೆಯುತ್ತಿಲ್ಲ. ಸುಶ್ರುತ ಸಂಹಿತೆಯಲ್ಲೇ ಹುಚ್ಚುನಾಯಿಯ ಲಕ್ಷಣಗಳಿವೆ, ಉಮ್ಮತ್ತಿ ಸೇರಿದ ಔಷಧವಿದೆ. ನೀರಿಗೆ ಹೆದರುವ ಹಂತ ತಲುಪಿದವನು ಉಳಿಯುವುದಿಲ್ಲ ಎಂಬ ಎಚ್ಚರಿಕೆಯೂ ಇದೆ. ಆಸ್ಪತ್ರೆಯ ಮದ್ದಾದರೋ ಹೆದರಿಸುವಂಥದು. 1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ರೂಪಿಸಿದ ಕ್ರಮದಂತೆ ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಲಸಿಕೆ. ಹೊಟ್ಟೆಯ ಮೇಲೆ 14 ಇಂಜೆಕ್ಷನ್. ಜನ ಬೇರನ್ನೇ ನಂಬಿದ್ದರಲ್ಲಿ ಆಶ್ಚರ್ಯವೇನು?

ನನ್ನ ಕಣ್ಣು ತೆರೆದದ್ದು ಮಕ್ಕಳಿಗೆ ಲೂಯಿ ಪಾಶ್ಚರನ ಪಾಠ ಮಾಡಲು ಓದಿಕೊಂಡಾಗ. 1885ರ ಜುಲೈ 6ರಂದು ಅವನು ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಲಸಿಕೆ ಕೊಡಿಸಿದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1884ರಲ್ಲಿ, ಸರಕಾರ ನೇಮಿಸಿದ ಸಮಿತಿಯ ಎದುರು ಅವನು ನಾಯಿಗಳನ್ನು ಎರಡು ಗುಂಪು ಮಾಡಿದ್ದ: ಲಸಿಕೆ ಪಡೆದವು, ಪಡೆಯದವು. ಎರಡು ಗುಂಪಿಗೂ ರೋಗ ತಗಲಿಸಿ ಫಲವನ್ನು ಹೋಲಿಸಲಾಯಿತು.

ಅಜ್ಜಯ್ಯನ ಬಳಿ ಇಲ್ಲದ್ದು ಈ ಎರಡನೆಯ ಗುಂಪು. ಹುಚ್ಚುನಾಯಿ ಕಡಿದ ಪ್ರತಿಯೊಂದು ನಾಯಿಗೂ ರೋಗ ಬರುವುದಿಲ್ಲ. ಕಡಿದ ನಾಯಿಗೆ ನಿಜಕ್ಕೂ ಹುಚ್ಚು ಹಿಡಿದಿತ್ತೋ ಇಲ್ಲವೋ ಅದೂ ತಿಳಿಯದು. ಬೇರು ಕುಡಿಸದಿದ್ದರೂ ಕರಿಯ ಬದುಕುತ್ತಿತ್ತೇನೋ!

ಗಿಡಮೂಲಿಕೆಗೂ ಇದೇ ಪರೀಕ್ಷೆ ಸಲ್ಲುತ್ತದೆ. ನಮ್ಮ ತೋಟದಂಚಿನ ನೆಲನೆಲ್ಲಿಯನ್ನು ಮದರಾಸಿನ ವೈದ್ಯರು ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ ಕೊಟ್ಟು, ಕೊಡದವರೊಂದಿಗೆ ಹೋಲಿಸಿದರು. 1988ರಲ್ಲಿ ಪ್ರಕಟವಾದ ಫಲಿತಾಂಶ ಬಹಳ ಆಸೆ ಹುಟ್ಟಿಸಿತು. ಬೇರೆಡೆ ಮತ್ತೆ ನೋಡಿದಾಗ ಅದೇ ಫಲ ಸಿಗಲಿಲ್ಲ. ಗಾಜಿನ ನಳಿಕೆಯಲ್ಲಿ ವೈರಸ್ಸನ್ನು ತಡೆದ ರಸ ನಾಯಿಯ ಮೈಯಲ್ಲೂ ತಡೆಯಬೇಕೆಂದಿಲ್ಲ. ಹುಚ್ಚುನಾಯಿ ರೋಗವನ್ನು ಗುಣಪಡಿಸುವುದೆಂದು ಸಾಬೀತಾದ ಸಸ್ಯೌಷಧ ಇಂದಿಗೂ ಇಲ್ಲ.

ಕೆಲವು ವರ್ಷದ ಕೆಳಗೆ ನನ್ನ ಕ್ಲಾಸಿನ ಹುಡುಗನೊಬ್ಬ ಕಾಲಿಗೆ ಅರಿಸಿನ ಮೆತ್ತಿಕೊಂಡು ಬಂದ. ಹಿಂದಿನ ಸಂಜೆ ಬೀದಿನಾಯಿ ಕಚ್ಚಿತ್ತು. "ಬೇರು ಕುಡ್ಸಿದಾರೆ ಟೀಚರ್" ಎಂದ. ನಲ್ಲಿಯ ಕೆಳಗೆ ಕೂರಿಸಿ ಕಾಲು ಗಂಟೆ ಸೋಪು ಹಾಕಿ ತೊಳೆದೆ. ಅವನ ಅಮ್ಮನನ್ನು ಕರೆಸಿ, ಮೂವರೂ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆವು. ಹೊಟ್ಟೆಗೆ ಚುಚ್ಚುತ್ತಾರೆಂದು ಆ ತಾಯಿ ದಾರಿಯುದ್ದಕ್ಕೂ ಅತ್ತಳು. ಆ ಹಳೆಯ ಲಸಿಕೆಯ ತಯಾರಿಕೆ 2004ರ ಕೊನೆಗೇ ನಿಂತಿದೆ, ಈಗ ತೋಳಿಗೆ ಕೊಡುತ್ತಾರೆ ಎಂದು ಸಮಾಧಾನ ಹೇಳಿದೆ.

ವಾಪಸು ಬರುವಾಗ ಆಕೆ ಕೇಳಿದಳು, "ಬೇರು ಕುಡ್ಸಿದ್ದು ತಪ್ಪಾಯ್ತಾ ಟೀಚರ್?" ಕುಡಿಸಿದ್ದಕ್ಕಿಂತ, ಅಷ್ಟಕ್ಕೇ ನಿಲ್ಲಿಸಿದ್ದು ತಪ್ಪು ಎಂದೆ. ಅಜ್ಜಯ್ಯನಿಗೆ ಹೇಳಬೇಕಾಗಿದ್ದ ಮಾತೂ ಅದೇ.