ಗೋಡೆ ಮುಗಿದು ಮಾಳಿಗೆ ಶುರುವಾಗುವ ಜಾಗ

ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆ ಹೊಸ ಮನೆ ಕಟ್ಟುವವರಿಗೆ ಬಣ್ಣಕ್ಕಿಂತ ಮೊದಲು ಎದುರಾಗುವ ಪ್ರಶ್ನೆ, 'ಪಿಓಪಿ ಮಾಡಸ್ತೀರೇನ್ರಿ?' ಗೋಡೆ ಮತ್ತು ಮಾಳಿಗೆ ಕೂಡುವ ಮೂಲೆಗೆ ಸುತ್ತಲೂ ಬಳ್ಳಿ, ಹೂವಿನ ಬಿಳಿ ಪಟ್ಟಿ ಕೂಡಿಸುತ್ತಾರೆ. ಇದಕ್ಕೆ ಕಾರ್ನಿಸ್ ಅನ್ನುತ್ತಾರೆ. ಇದು ಶಹರದಿಂದ ಬಂದ ಫ್ಯಾಶನ್ ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ನಮ್ಮ ಭಾಗದಲ್ಲಿ ಈ ಕೆಲಸಕ್ಕೆ ಎಂಟುನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅದನ್ನು ತಿಳಿದುಕೊಂಡರೆ ಇವತ್ತಿನ ಖರ್ಚೂ ಉಳಿಯುತ್ತದೆ.

ಈ ಪಟ್ಟಿ ಬರೀ ಅಂದಕ್ಕಲ್ಲ. ಗೋಡೆ ಒಂದು ರೀತಿ ಹಿಗ್ಗಿ ಕುಗ್ಗುತ್ತದೆ, ಮಾಳಿಗೆ ಇನ್ನೊಂದು ರೀತಿ. ಬಿರುಕು ಮೊದಲು ಬೀಳುವುದು ಇವೆರಡೂ ಕೂಡುವಲ್ಲಿ. ಆ ಜಾಗವನ್ನು ಹೇಗೆ ಕಾಯಬೇಕು ಎಂಬ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ.

ಕಲ್ಲಿನ ಉತ್ತರ

ಕಾಗವಾಡ ತಾಲೂಕಿನ ಜುಗೂಳದಿಂದ ಕೃಷ್ಣೆ ದಾಟಿದರೆ ಖಿದ್ರಾಪುರ. ಈಗ ಕೊಲ್ಹಾಪುರ ಜಿಲ್ಲೆ. ಅಲ್ಲಿನ ಕೋಪೇಶ್ವರ ಗುಡಿ 12ನೇ ಶತಮಾನದ ಶಿಲಾಹಾರರ ಕಾಲದ್ದು. ಗುಡಿಯಲ್ಲಿ ಕನ್ನಡ ಶಾಸನಗಳೂ ಇವೆ. 48 ಕಂಬಗಳ ಸ್ವರ್ಗಮಂಟಪದ ನಡುವೆ ಆಕಾಶಕ್ಕೆ ತೆರೆದ ಗುಂಡು ಬಾಯಿ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸುತ್ತುಸುತ್ತಾಗಿ ಒಳಕ್ಕೆ ಚಾಚಿದ ಕಲ್ಲು. ಕೂಡು ಜಾಗವನ್ನು ಮುಚ್ಚಲು ಬೇರೆ ಪಟ್ಟಿ ಇಲ್ಲ, ಭಾರ ಹೊರುವ ಕಲ್ಲಿನ ಅಂಚೇ ಕೆತ್ತನೆಯ ಪಟ್ಟಿ.

ಗಚ್ಚಿನ ಉತ್ತರ

ಅಥಣಿ ಆದಿಲಶಾಹಿಗಳ ಕಾಲದ ವ್ಯಾಪಾರದ ಪೇಟೆ. ಅವರ ರಾಜಧಾನಿ ವಿಜಯಪುರದಲ್ಲಿ ಕಲ್ಲಿನ ಜೊತೆ ಗಚ್ಚು, ಅಂದರೆ ಸುಣ್ಣದ ಗಾರೆ, ಸೇರಿತು. ಇಬ್ರಾಹಿಂ ರೋಜಾದ ಒಳಕೋಣೆ ಸುಮಾರು 40 ಅಡಿ ಚೌಕ. ಅದರ ಮಾಳಿಗೆ ಗೋಡೆಯಿಂದ ಬಾಗುತ್ತ ಒಳಕ್ಕೆ ಬಂದು, ನಡುವೆ ಸಪಾಟಾಗುತ್ತದೆ. ನಡುವೆ ಒಂದು ಕಂಬವೂ ಇಲ್ಲ. 1656ರ ಗೋಳಗುಮ್ಮಟದಲ್ಲಿ ಚೌಕ ಗೋಡೆ ಮುಗಿದು ಗುಂಡು ಗುಮ್ಮಟ ಶುರುವಾಗುವ ಕಡೆ ಸುತ್ತಲೂ ಮೂರು ಮೀಟರಿಗೂ ಅಗಲದ ಗ್ಯಾಲರಿ ಇದೆ. ನಾವು ಶಾಲೆಯ ಟ್ರಿಪ್ಪಿನಲ್ಲಿ ಹೋಗಿ ಪಿಸುಗುಟ್ಟಿದ್ದು ಅಲ್ಲೇ. ಗುಮ್ಮಟ ಹೊರಕ್ಕೆ ಒತ್ತುತ್ತದೆ, ಒಳಕ್ಕೆ ಚಾಚಿದ ಈ ಭಾಗದ ತೂಕ ಅದನ್ನು ತಡೆಯುತ್ತದೆ.

ಗಚ್ಚಿನ ನೆನಪು ಅಥಣಿಯಲ್ಲಿ ಹೆಸರಾಗಿಯೇ ಉಳಿದಿದೆ. ಮುರುಘೇಂದ್ರ ಶಿವಯೋಗಿಗಳು (1836–1921) ನೆಲೆಸಿದ್ದ ಮಠವನ್ನು ಇಂದಿಗೂ ಗಚ್ಚಿನಮಠ ಎಂದೇ ಕರೆಯುತ್ತೇವೆ.

ಸುಣ್ಣ, ಉಸುಕು ಸೇರಿಸಿ ಗಾಣದಲ್ಲಿ ಅರೆದು, ಬೆಲ್ಲ, ಅಳಲೆಕಾಯಿ ನೀರು ಹಾಕಿ ಗಚ್ಚು ಹದ ಮಾಡುತ್ತಿದ್ದರು. ಹಸಿ ಇರುವಾಗಲೇ ಅಚ್ಚು ಎಳೆದು ಪಟ್ಟಿ ತೆಗೆಯುವುದು ಸುಣ್ಣದ ಕೆಲಸದ ಹಳೆಯ ರೀತಿ. ಮೂಲೆ ಹೇಗಿದೆಯೋ ಪಟ್ಟಿಯೂ ಹಾಗೇ ಕೂಡುತ್ತಿತ್ತು.

ಮರ ಮತ್ತು ಹಂಚಿನ ಉತ್ತರ

ನಮ್ಮ ಮಣ್ಣಿನ ಮಾಳಿಗೆ ಮನೆಗಳಲ್ಲಿ ಕಂಬದ ತಲೆಗೆ ಬೋದಿಗೆ, ಮೇಲೆ ತೊಲೆ, ಅದರ ಮೇಲೆ ಜಂತಿ. ಕೆತ್ತನೆ ಏನಿದ್ದರೂ ಬೋದಿಗೆ, ತೊಲೆಗಳಲ್ಲೇ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಮುಂದೆ ಆ ಮಾದರಿಯ ಹಂಚು ನಮ್ಮ ಊರುಗಳಿಗೂ ಬಂತು. ಇಳಿಜಾರು ಸೂರಿನ ಮನೆಗಳಲ್ಲಿ ಗೋಡೆ ಮತ್ತು ಸೂರಿನ ನಡುವಿನ ಸಂದಿಯಿಂದ ಹೊಗೆ ಹೋಗುತ್ತಿತ್ತು, ಗಾಳಿ ಬರುತ್ತಿತ್ತು. ಅದನ್ನು ಮುಚ್ಚಬಾರದು ಎಂಬುದು ಹಿರಿಯರಿಗೆ ಗೊತ್ತಿತ್ತು.

ಈಗಿನ ತೊಡಕು

ಆಮೇಲೆ ಆರ್‌ಸಿಸಿ ಬಂತು, ಎಲ್ಲ ಮೂಲೆಯೂ ಕಾಟಕೋನವಾಯಿತು. ಅಂಗಡಿಯ ರೆಡಿ ಪಟ್ಟಿ ತಯಾರಾಗುವುದು ಆ ಮೂಲೆಗೆ. ಇಳಿಜಾರು ಅಥವಾ ಕಮಾನಿನ ಸೂರಿಗೆ ಅದೇ ಪಟ್ಟಿ ಹಚ್ಚಹೋದರೆ ಕೂಡುವುದಿಲ್ಲ. ಒಂದೇ ಇಳಿಜಾರಿನ ಸೂರಾದರೆ ತಗ್ಗಿನ ಗೋಡೆಯಲ್ಲಿ ಮೂಲೆ ಅಗಲ, ಎತ್ತರದ ಗೋಡೆಯಲ್ಲಿ ಇಕ್ಕಟ್ಟು. ಅಡ್ಡ ಬರುವ ಪಟ್ಟಿ, ಏರುವ ಪಟ್ಟಿ ಒಂದಕ್ಕೊಂದು ಮುಖ ಕೊಡುವುದಿಲ್ಲ. ಕೆಲಸಗಾರ ಸಂದಿಗೆ ಪುಟ್ಟಿ ತುಂಬುತ್ತಾನೆ, ಬೇಸಿಗೆಗೆ ಅದು ಬಿಡುತ್ತದೆ.

ದಾರಿ ಎರಡಿವೆ. ಪಟ್ಟಿಯನ್ನು ಮೂಲೆಯಲ್ಲಿ ಮೊದಲು ಸಮಮಟ್ಟದಲ್ಲೇ ತಿರುಗಿಸಿ, ಒಂದು ಸಣ್ಣ ಬೆಣೆ ತುಂಡು ಕೂಡಿಸಿ, ಆಮೇಲೆ ಇಳಿಜಾರಿನ ಗುಂಟ ಏರಿಸುವುದು ಒಂದು. ಇಳಿಜಾರನ್ನು ಬಿಟ್ಟು, ತಗ್ಗಿನ ಗೋಡೆಯ ಎತ್ತರದಲ್ಲಿ ನಾಲ್ಕೂ ಗೋಡೆಗೆ ಒಂದೇ ಮಟ್ಟದ ಸಾದಾ ಪಟ್ಟಿ ಎಳೆಯುವುದು ಇನ್ನೊಂದು. ಎರಡನೆಯದು ಅಗ್ಗ, ಕಣ್ಣಿಗೂ ಹಿತ.

ಇನ್ನೊಂದು ಮಾತು ಪಿಓಪಿ ಬಗ್ಗೆ. ಅದು ಸುಟ್ಟ ಜಿಪ್ಸಂ ಪುಡಿ. ಗಟ್ಟಿಯಾದ ಮೇಲೂ ನೀರು ಕುಡಿದರೆ ಮೆತ್ತಗಾಗುತ್ತದೆ. ಸುಣ್ಣ ಹಾಗಲ್ಲ, ಗಾಳಿ ಹೀರಿಕೊಂಡು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. 2019ರ ಆಗಸ್ಟಿನ ಪ್ರವಾಹದಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ನದಿ ದಂಡೆಯ ಮನೆಗಳಿಗೆ ಏನಾಯಿತೆಂದು ನೋಡಿದ್ದೇವೆ. ನೀರು ಬರುವ ಊರಲ್ಲಿ, ಸೋರುವ ಸೂರಿನ ಕೆಳಗೆ ಪಿಓಪಿಗೆ ದುಡ್ಡು ಹಾಕುವ ಮೊದಲು ಯೋಚಿಸಬೇಕು.

ಹಾಗಂತ ಗಚ್ಚಿನ ಕೆಲಸ ಇವತ್ತು ಸುಲಭಕ್ಕೆ ಸಿಗುವುದಿಲ್ಲ. ಹದ ಬಲ್ಲ ಗೌಂಡಿಗಳು ಮುದುಕರಾಗಿದ್ದಾರೆ. ಅವರ ಮಕ್ಕಳು ಸಿಮೆಂಟು, ಟೈಲ್ಸ್ ಕೆಲಸಕ್ಕೆ ಹೋಗಿದ್ದಾರೆ. ನಿಮ್ಮ ಊರಲ್ಲಿ ಅಂಥ ಒಬ್ಬ ಅಜ್ಜ ಇದ್ದರೆ, ಮನೆಯ ಒಂದು ಕೋಣೆಯ ಪಟ್ಟಿಯನ್ನಾದರೂ ಅವರ ಕೈಯಿಂದ ಮಾಡಿಸಿ. ಹುಡುಗರನ್ನು ಪಕ್ಕದಲ್ಲಿ ನಿಲ್ಲಿಸಿ. ಸುಣ್ಣದ ಹದ ಕೈಗೆ ಹತ್ತುವುದು ಮಾಡಿದಾಗಲೇ, ನಾವು ಬರೆದದ್ದನ್ನು ಓದಿದರೆ ಬರುವುದಿಲ್ಲ.